ವೀಲ್ ಮೇಲಿನ ಸುಲಿಯುವ ರಬ್ಬರ್ ಕೋಟಿಂಗ್: ಎರಡು ವರ್ಷದ ಬಳಕೆಯ ನಂತರ

ಸ್ಪ್ರೇ ಡಬ್ಬಿಯಿಂದ ವೀಲಿಗೆ ಹೊಡೆದ, ಬೇಡವಾದಾಗ ಸುಲಿದು ತೆಗೆಯಬಹುದಾದ ಈ ರಬ್ಬರ್ ಪದರಕ್ಕೆ ಎರಡು ವರ್ಷವಾದರೂ ಸ್ಪೋಕ್‌ಗಳ ಮುಖದಲ್ಲಿ ಏನೂ ಆಗಿಲ್ಲ. ನಟ್ ಕೂರುವ ಗುಂಡಿಗಳ ಸುತ್ತ ಮಾತ್ರ ಒಣಗಿದ ಗೋಂದಿನ ಹಾಗೆ ಎದ್ದು ನಿಂತಿದೆ. ತಯಾರಕರು ಹೇಳುವ ಮೂರು ವರ್ಷದ ಬಾಳಿಕೆ ಮುಖದ ಮಟ್ಟಿಗೆ ಸುಳ್ಳಲ್ಲ, ಆದರೆ ಅಂಚಿನ ಆಯಸ್ಸೇ ಬೇರೆ.

ಇದು ಪೇಂಟ್‌ನಂತೆ ಲೋಹಕ್ಕೆ ಕಚ್ಚಿಕೊಳ್ಳುವುದಿಲ್ಲ. ಒಂದೇ ಅಖಂಡ ಹಾಳೆಯಾಗಿ ವೀಲನ್ನು ಅಪ್ಪಿಕೊಂಡಿರುತ್ತದೆ, ಅದರ ಬಲವೆಲ್ಲ ಆ ಅಖಂಡತೆಯಲ್ಲಿದೆ. ಎಲ್ಲಿ ಹಾಳೆ ಮುಗಿಯುತ್ತದೋ ಅಲ್ಲಿಂದ ನೀರು, ಬ್ರೇಕ್ ಸವೆದು ಉದುರುವ ಪುಡಿ ಒಳಗೆ ನುಗ್ಗುತ್ತವೆ: ನಟ್ ಗುಂಡಿ, ವಾಲ್ವ್ ಬುಡ, ಟೈರಿಗೆ ತಾಗುವ ರಿಮ್ ಅಂಚು. ಪಂಕ್ಚರ್ ಆದಾಗಲೆಲ್ಲ ನಟ್ ಬಿಚ್ಚುವ ಸಾಕೆಟ್ ಗುಂಡಿಯ ಗೋಡೆಗೆ ಉಜ್ಜಿ ಒಂದಿಷ್ಟು ಕಿತ್ತೇ ಕೀಳುತ್ತದೆ.

ಈ ದೋಷದ ಅರ್ಧ ಪಾಲು ಹಚ್ಚುವ ದಿನವೇ ಹುಟ್ಟಿಕೊಳ್ಳುತ್ತದೆ. ವೀಲ್ ಬಿಚ್ಚಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಜಿಡ್ಡು ತೆಗೆಯಬೇಕು. ಹಳೆಯ ಟೈರ್ ಪಾಲಿಶ್‌ನ ಸಿಲಿಕೋನ್ ಒಂದು ಹನಿ ಉಳಿದರೂ ಅಲ್ಲಿ ಕೋಟ್ ದೂರ ಸರಿದು ಕುಳಿ ಬೀಳುತ್ತದೆ. ಟೈರ್ ಮತ್ತು ರಿಮ್ ನಡುವೆ ದಪ್ಪ ರಟ್ಟಿನ ಕಾರ್ಡುಗಳನ್ನು ಸುತ್ತಲೂ ಸಿಕ್ಕಿಸಿದರೆ ಟೇಪ್ ಅಷ್ಟಾಗಿ ಬೇಕಾಗುವುದಿಲ್ಲ. ಡಬ್ಬಿಯನ್ನು ಪೂರ್ತಿ ಒಂದು ನಿಮಿಷ ಕುಲುಕಿ, 15–20 ಸೆಂ.ಮೀ. ದೂರದಿಂದ ಹೊಡೆಯಿರಿ. ಮೊದಲ ಕೋಟ್ ತೆಳ್ಳಗಿರಲಿ, ಕೆಳಗಿನ ಬಣ್ಣ ಅರ್ಧ ಕಾಣುತ್ತಿರಲಿ. ಆಮೇಲಿನವು ಒದ್ದೆಯಾಗಿ ಹೊಳೆಯುವಷ್ಟು ದಪ್ಪವಾಗಲಿ, ನಡುವೆ 20–30 ನಿಮಿಷ ಬಿಡಿ. ಐದಕ್ಕಿಂತ ಕಡಿಮೆ ಕೋಟ್ ಬೇಡ. ಸುಮಾರು 300 ಗ್ರಾಂನ ಒಂದು ಡಬ್ಬಿ ಒಂದು ವೀಲಿಗೆ ಎಂದು ಲೆಕ್ಕ ಹಾಕಿ, ರಿಪೇರಿಗೆ ಐದನೆಯದೊಂದು ಇಟ್ಟುಕೊಳ್ಳಿ. ಟೇಪ್ ಅಂಟಿಸಿದ್ದರೆ ಕೊನೆಯ ಕೋಟ್ ಹಸಿಯಿರುವಾಗಲೇ ಕೀಳಬೇಕು. ಒಣಗಿದ ಮೇಲೆ ಕಿತ್ತರೆ ಹಾಳೆಯೂ ಅದರ ಜೊತೆಗೇ ಬರುತ್ತದೆ. ಮಳೆಗಾಲದ ತೇವದಲ್ಲಿ ಹಚ್ಚಿದರೆ ಬೆಳ್ಳಗೆ ಮಂಕಾಗುತ್ತದೆ. ರಬ್ಬರನ್ನು ಕರಗಿಸಿಟ್ಟ ದ್ರಾವಕದ ಆವಿ ಬೆಂಕಿಗೂ ಶ್ವಾಸಕೋಶಕ್ಕೂ ಆಗದು, ಹೊರಾಂಗಣ ಮತ್ತು ಮಾಸ್ಕ್ ಕಡ್ಡಾಯ.

ನಟ್ ಕೂರುವ ಇಳಿಜಾರಿಗೂ, ವೀಲಿನ ಹಿಂಬದಿಯಲ್ಲಿ ಹಬ್‌ಗೆ (ವೀಲ್ ಕೂರುವ ಗಾಡಿಯ ಭಾಗಕ್ಕೆ) ಒತ್ತುವ ಮುಖಕ್ಕೂ ಕೋಟ್ ಬೀಳಲೇಬಾರದು. ನಡುವೆ ಸಿಕ್ಕ ರಬ್ಬರ್ ಒತ್ತಡಕ್ಕೆ ಜಾರಿ, ತೆಳುವಾಗಿ, ನಟ್‌ನ ಬಿಗಿ ಸಡಿಲವಾಗುತ್ತದೆ. ಗುಂಡಿಗಳಿಗೆ ಸುತ್ತಿದ ಕಾಗದ ತುರುಕಿ ಹಚ್ಚಿ. ವೀಲ್ ಹಾಕಿ ಐವತ್ತರಿಂದ ನೂರು ಕಿ.ಮೀ. ಓಡಿಸಿದ ಮೇಲೆ ಬಿಗಿಯನ್ನು ಅಳೆಯುವ ಟಾರ್ಕ್ ವ್ರೆಂಚ್‌ನಿಂದ ನಟ್‌ಗಳನ್ನು ಮತ್ತೆ ನೋಡಿ. ವೀಲ್ ಸಮತೂಕವಾಗಿ ತಿರುಗಲೆಂದು ಅಂಟಿಸುವ ಬ್ಯಾಲೆನ್ಸಿಂಗ್ ತೂಕಗಳಿಗೂ ಇದೇ ಮಾತು: ರಬ್ಬರ್ ಮೇಲೆ ಅಂಟಿಸಿದರೆ ಒಂದು ದಿನ ಹಾರಿಹೋಗುತ್ತವೆ. ಆ ತೂಕ ಕೂರುವ ಒಳಬದಿಯ ಬ್ಯಾರೆಲ್ (ವೀಲಿನ ದುಂಡನೆಯ ಒಳಗೋಡೆ) ಬರಿಯ ಲೋಹವಾಗಿಯೇ ಇರಲಿ. ಹೊಸ ಟೈರ್ ಬೇಕಾಗಿದ್ದರೆ ಮೊದಲು ಅದನ್ನು ಹಾಕಿಸಿ. ಟೈರ್ ಬಿಚ್ಚುವ ಯಂತ್ರದ ಹಿಡಿತಕ್ಕೆ ಈ ಪದರ ಉಳಿಯುವುದಿಲ್ಲ.

ತೊಳೆಯುವುದು ಮಾತ್ರ ನಿಧಾನದ, ಹಿತವಾದ ಕೆಲಸ. ವೀಲ್ ತಣ್ಣಗಿರಬೇಕು. ಬಕೆಟ್‌ಗೆ ಕಾರ್ ಶಾಂಪೂ, ಮೆತ್ತನೆಯ ಬಟ್ಟೆ. ಪದರದ ನಡುವಿನಿಂದ ಅಂಚಿನ ಕಡೆಗೆ ಕೈ ಓಡಲಿ. ಹೊರಗಿನಿಂದ ಒಳಗೆ ಉಜ್ಜಿದರೆ ಬಟ್ಟೆ ಅಂಚನ್ನೇ ಹಿಡಿದು ಎಬ್ಬಿಸುತ್ತದೆ. ಪ್ರೆಷರ್ ವಾಷರ್ ಬಳಸಲೇಬೇಕಾದರೆ ಅರ್ಧ ಮೀಟರ್ ದೂರದಿಂದ, ನೇರವಾಗಿ. ಓರೆಯಾಗಿ ಹೊಡೆದರೆ ನೀರೇ ಸುಲಿಯುತ್ತದೆ. ಮ್ಯಾಟ್ ಕಪ್ಪಿನ ಮೇಲೆ ಬಿಸಿ ಬ್ರೇಕ್ ಪುಡಿ ಕೂತು ಕಂದು ಛಾಯೆ ಬರುತ್ತದೆ, ಹದಿನೈದು ದಿನಕ್ಕೊಮ್ಮೆ ತೊಳೆಯದಿದ್ದರೆ ಅದು ಹೋಗುವುದು ಕಷ್ಟ. ಬೈಕಿನ ಹಿಂದಿನ ರಿಮ್‌ಗೆ ಹಚ್ಚಿದವರು ಚೈನ್ ತೊಳೆಯುವಾಗ ಎಚ್ಚರವಿರಲಿ: ಪೆಟ್ರೋಲ್ ತಾಗಿದಲ್ಲಿ ಪದರ ಕರಗಿ ಅಂಟಂಟಾಗುತ್ತದೆ.

ಇಷ್ಟೆಲ್ಲ ಬೈದರೂ ಡಬ್ಬಿ ಎಸೆಯುವ ಮನಸ್ಸಾಗದಿರುವುದು ರಿಪೇರಿಯ ಸುಲಭಕ್ಕೆ. ಎದ್ದ ತುಂಡನ್ನು ಬ್ಲೇಡಿನಿಂದ ಕತ್ತರಿಸಿ, ಸೋಪಿನ ನೀರಲ್ಲಿ ಒರೆಸಿ ಒಣಗಿಸಿ, ಮೇಲೆ ಎರಡು ಮೂರು ತೆಳು ಕೋಟ್ ಹೊಡೆದರೆ ಹೊಸ ಕೋಟ್‌ನ ದ್ರಾವಕ ಹಳೆಯದನ್ನು ಮೆದುಮಾಡಿ ಎರಡೂ ಬೆರೆಯುತ್ತವೆ. ಸ್ಯಾಂಡ್‌ಪೇಪರ್ ಬೇಡ, ಪ್ರೈಮರ್ ಬೇಡ. ಬಿಸಿಲಿಗೆ ಮಾಸಿದ ಬಣ್ಣದ ನಡುವೆ ತೇಪೆ ಸ್ವಲ್ಪ ಗಾಢವಾಗಿ ಕಾಣುತ್ತದೆ, ಅಷ್ಟೇ. ಸಣ್ಣ ಕಲ್ಲು ಸಿಡಿದರೆ ಪೇಂಟ್ ಚೂರೆದ್ದು ಬರುತ್ತದೆ. ಈ ರಬ್ಬರ್ ಸಾಮಾನ್ಯವಾಗಿ ಕುಗ್ಗಿ ಮತ್ತೆ ನೆಟ್ಟಗಾಗುತ್ತದೆ. ರಸ್ತೆ ಬದಿಯ ಕಲ್ಲಿನ ಅಂಚಿಗೆ ಉಜ್ಜಿದರೆ ಮಾತ್ರ ಹರಿಯುತ್ತದೆ.

ದಪ್ಪ ಪದರವಾದರೆ ಸುಲಿಯುವುದೂ ಸುಖ, ಇಡೀ ವೀಲಿನದು ಒಂದೇ ತುಂಡಾಗಿ ಬರುತ್ತದೆ. ಎರಡೇ ಕೋಟ್ ಹಚ್ಚಿದವರಿಗೆ ಉಗುರಿನಲ್ಲಿ ಕೆರೆಯುವುದೇ ಗತಿ. ಅದರ ಮೇಲೆಯೇ ಇನ್ನೆರಡು ದಪ್ಪ ಕೋಟ್ ಹೊಡೆದು ಒಣಗಿಸಿ ಸುಲಿದರೆ ಎರಡೂ ಒಟ್ಟಿಗೆ ಬರುತ್ತವೆ. ಬಿಸಿಲಿಗೆ ಪದರ ಬಿರುಸಾಗುವವರೆಗೆ ಕಾಯಬೇಡಿ. ಕೆಳಗಿನ ಮೂಲ ಪೇಂಟ್ ಮೊದಲೇ ಚಕ್ಕೆ ಎದ್ದಿದ್ದರೆ ಅದೂ ಜೊತೆಗೆ ಕಿತ್ತು ಬರುತ್ತದೆ.

ಬ್ರಷ್ ತಿರುಗುವ ಯಂತ್ರದಲ್ಲಿ ಗಾಡಿ ತೊಳೆಸುವವರು ಪುಡಿ ಬಣ್ಣವನ್ನು ಬಿಸಿಯಲ್ಲಿ ಗಟ್ಟಿಗೊಳಿಸುವ ಪೌಡರ್ ಕೋಟಿಂಗ್ ಮಾಡಿಸಿ. ಕೈಯಲ್ಲಿ ತೊಳೆಯುವವರು, ವರ್ಷಕ್ಕೊಮ್ಮೆ ನಟ್ ಗುಂಡಿಯ ಸುತ್ತ ತೇಪೆ ಹಾಕಲು ಬೇಸರಪಡದವರು ಇದನ್ನೇ ಕೊಳ್ಳಬಹುದು. ಅರ್ಧ ಉಳಿದ ಡಬ್ಬಿಯನ್ನು ತಲೆಕೆಳಗು ಹಿಡಿದು, ಬರಿಯ ಗ್ಯಾಸ್ ಬರುವವರೆಗೆ ಒತ್ತಿ ಇಡಿ. ಇಲ್ಲವಾದರೆ ಮುಂದಿನ ತೇಪೆಯ ಹೊತ್ತಿಗೆ ನಾಜಲ್ ಕಟ್ಟಿಕೊಂಡಿರುತ್ತದೆ.