ಪ್ರಿಂಟರ್ ಹೆಸರು ಕೊಡುತ್ತದೆಯೇ? ಅಮೆರಿಕನ್ ಪ್ರಿಂಟ್ ಚರಿತ್ರೆಗೆ ನಾನು ಬಳಸುವ ಉಚಿತ ಸಂಗ್ರಹಗಳು

ಅಮೆರಿಕದ ಆಧುನಿಕ ಪ್ರಿಂಟ್‌ಗಳ, ಅಂದರೆ ಕಲಾವಿದರು ಅಚ್ಚಿನಲ್ಲಿ ಮೂಡಿಸುವ ಚಿತ್ರಗಳ ಬಗ್ಗೆ ಓದಲು ಹೊರಟವರಿಗೆ ಚಿತ್ರಗಳಿಗೇನೂ ಬರ ಇಲ್ಲ. ಸಿಗದೇ ಇರುವುದು ಅಚ್ಚು ಹಾಕಿದವರ ಹೆಸರು. ಕಲ್ಲಚ್ಚಿನಲ್ಲಿ (ಲಿಥೋಗ್ರಫಿ, ಚಿಕ್ಕದಾಗಿ ಲಿಥೋ) ಕಲಾವಿದರು ಕಲ್ಲಿನ ಮೇಲೆ ಬರೆದರೆ ಅರ್ಧ ಕೆಲಸ ಆಯಿತು, ಅಷ್ಟೇ. ಆ ಕಲ್ಲನ್ನು ಆಸಿಡ್‌ನಿಂದ ಹದ ಮಾಡಿ, ಶಾಯಿ ಉರುಳಿಸಿ, ಪ್ರತಿ ಹಾಳೆಯೂ ಒಂದೇ ಥರ ಬರುವಂತೆ ಪ್ರೆಸ್ ಎಳೆಯುವವರು ಬೇರೆಯವರು. ಅದಕ್ಕೇ ಯಾವ ಸಂಗ್ರಹ ತೆರೆದರೂ ನಾನು ಮೊದಲು ನೋಡುವುದು ಇದನ್ನೇ: ಪ್ರಿಂಟರ್ ಹೆಸರು ಇದೆಯಾ?

ಈ ವಿಷಯದಲ್ಲಿ ಪೂರ್ತಿ ಅಂಕ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್ ಮಾಡಿರುವ ಜೆಮಿನಿ ಜಿ.ಇ.ಎಲ್. ಕ್ಯಾಟಲಾಗ್‌ಗೆ. ಜೆಮಿನಿ 1966ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ವರ್ಕ್‌ಶಾಪ್. ಕಲಾವಿದ ರಾಬರ್ಟ್ ರೌಶನ್‌ಬರ್ಗ್ 1967ರಲ್ಲಿ ಅಲ್ಲೇ 'ಬೂಸ್ಟರ್' ಮಾಡಿದ್ದು: ತನ್ನದೇ ಇಡೀ ಮೈಯ ಎಕ್ಸ್‌ರೇ, ಸುಮಾರು ಆರಡಿ ಎತ್ತರದ ಹಾಳೆ. ಅಷ್ಟು ದೊಡ್ಡ ಕಲ್ಲು ಎಲ್ಲಿಂದ ತರುವುದು? ಎರಡು ಕಲ್ಲು ಸೇರಿಸಿದರು. ಇಂಥ ಪ್ರಿಂಟ್‌ಗಳಿಗೆ ಈ ಕ್ಯಾಟಲಾಗ್‌ನಲ್ಲಿ ಎಡಿಶನ್ (ಅಚ್ಚಾದ ಪ್ರತಿಗಳು) ಎಷ್ಟು, ಪ್ರೂಫ್ (ಪರೀಕ್ಷೆಗೆ ತೆಗೆದ ಪ್ರತಿ) ಎಷ್ಟು, ಕಾಗದ ಯಾವುದು, ಪ್ರೂಫ್ ತೆಗೆದವರು ಯಾರು, ಮೇಲ್ವಿಚಾರಣೆ ಯಾರದು ಅನ್ನುವುದೆಲ್ಲ ಇರುತ್ತದೆ. ಒಬ್ಬ ಪ್ರಿಂಟರ್ ಹೆಸರು ಹಿಡಿದು ಹೊರಟರೆ ಆತ ಯಾರ್‍ಯಾರ ಜೊತೆ ಕೆಲಸ ಮಾಡಿದ ಅಂತ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಚರಿತ್ರೆ ಅಂದರೆ ಅದು.

ಇದಕ್ಕೆ ಮೊದಲು ಒಂದು ಹರಾಜು ಬೆಲೆಗಳ ಸೈಟ್‌ಗೆ ಚಂದಾ ಕಟ್ಟುತ್ತಿದ್ದೆ. ಅಲ್ಲಿ ಪ್ರಿಂಟ್ ಬಗ್ಗೆ ಇಷ್ಟೇ: 'ಲಿಥೋ, ಸಹಿ ಇದೆ, ನಂಬರ್ ಇದೆ', ಮುಗೀತು. ಬೆಲೆ ಮಾತ್ರ ಡಾಲರ್ ಲೆಕ್ಕದಲ್ಲಿ ಚೊಕ್ಕವಾಗಿ ಕಾಣುತ್ತಿತ್ತು. ಚಂದಾ ನಿಲ್ಲಿಸಿ ಅಂದರೆ ಇಮೇಲ್ ಮೇಲೆ ಇಮೇಲ್. ಹೆಸರು ಬೇಡ ಬಿಡಿ.

ಎರಡನೆಯದು ಸ್ಮಿತ್‌ಸೋನಿಯನ್‌ನ ಆರ್ಕೈವ್ಸ್ ಆಫ್ ಅಮೆರಿಕನ್ ಆರ್ಟ್. ಇಲ್ಲಿ ನಾನು ಹೋಗುವುದು ಚಿತ್ರಕ್ಕಲ್ಲ, ಮಾತಿಗೆ. ಕಲಾವಿದರ ಸಂದರ್ಶನಗಳನ್ನು ಅಕ್ಷರಕ್ಕಿಳಿಸಿ ಸುಮ್ನೆ ಓದಲು ಬಿಟ್ಟಿದ್ದಾರೆ. ಕಲಾವಿದೆ ಜೂನ್ ವೇನ್ ಅವರದ್ದು ಮೊದಲು ಓದಿ. ಒಳ್ಳೆಯ ಕಲ್ಲಚ್ಚಿನ ಪ್ರಿಂಟರ್ ಬೇಕು ಅಂದರೆ ಈಕೆ 1950ರ ದಶಕದಲ್ಲಿ ಪ್ಯಾರಿಸ್‌ಗೆ ಹೋಗಬೇಕಿತ್ತು. ಅದಕ್ಕೇ ಫೋರ್ಡ್ ಫೌಂಡೇಶನ್ ಹಣದಿಂದ 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಟ್ಯಾಮರಿಂಡ್ ವರ್ಕ್‌ಶಾಪ್ ತೆರೆದು, ಪ್ರಿಂಟರ್‌ಗಳನ್ನೇ ತಯಾರು ಮಾಡಿದರು. ಜೆಮಿನಿ ಕಟ್ಟಿದವರಲ್ಲಿ ಒಬ್ಬರಾದ ಕೆನೆತ್ ಟೈಲರ್ ಅಲ್ಲಿ ಪಳಗಿದವರೇ. ಟ್ಯಾಮರಿಂಡ್ 1970ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯಕ್ಕೆ ಹೋಯಿತು, ಇಂದಿಗೂ ಅಲ್ಲೇ ಇದೆ.

ಆಮೇಲೆ ರಾಬರ್ಟ್ ಬ್ಲ್ಯಾಕ್‌ಬರ್ನ್. ಹಾರ್ಲೆಮ್‌ನಲ್ಲಿ ಹುಡುಗನಾಗಿದ್ದಾಗಲೇ ಕಲ್ಲಚ್ಚು ಕಲಿತ ಕಪ್ಪು ಕಲಾವಿದ. 1957ರಲ್ಲಿ ಟಾಟಿಯಾನಾ ಗ್ರೋಸ್‌ಮನ್ ಲಾಂಗ್ ಐಲೆಂಡ್‌ನ ಮನೆಯಲ್ಲಿ ಯು.ಎಲ್.ಎ.ಇ. (ಯುನಿವರ್ಸಲ್ ಲಿಮಿಟೆಡ್ ಆರ್ಟ್ ಎಡಿಶನ್ಸ್) ಅನ್ನುವ ಪ್ರಿಂಟ್ ವರ್ಕ್‌ಶಾಪ್ ಆರಂಭಿಸಿದಾಗ ಅಲ್ಲಿನ ಮೊದಲ ಮಾಸ್ಟರ್ ಪ್ರಿಂಟರ್ ಈತ. ಚಿತ್ರಕಾರ ಜ್ಯಾಸ್ಪರ್ ಜಾನ್ಸ್‌ನ ಮೊದಮೊದಲ ಲಿಥೋಗಳು ಎಲ್ಲರಿಗೂ ಗೊತ್ತು, ಅವನ್ನು ಅಚ್ಚಿಗಿಳಿಸಿದ ಬ್ಲ್ಯಾಕ್‌ಬರ್ನ್ ಎಷ್ಟು ಜನಕ್ಕೆ ಗೊತ್ತು? ಈ ಸಂದರ್ಶನಗಳು ಉದ್ದ, ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಬೇಕಾದ್ದು ಸಿಗುವುದೂ ಹಾಗೆ ದಾರಿ ತಪ್ಪಿದ ಕಡೆಯೇ ಜಾಸ್ತಿ.

ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗುವುದು ಮುಖ್ಯವಾಗಿ 1930ರ ದಶಕಕ್ಕಾಗಿ. ಸರ್ಕಾರವೇ ಕಲಾವಿದರಿಗೆ ಸಂಬಳ ಕೊಟ್ಟ ಡಬ್ಲ್ಯು.ಪಿ.ಎ. (ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್) ಕಾಲದ 900ಕ್ಕೂ ಹೆಚ್ಚು ಪೋಸ್ಟರ್‌ಗಳು ಅಲ್ಲಿವೆ, ದೊಡ್ಡ ಫೈಲ್‌ಗಳನ್ನೇ ಇಳಿಸಿಕೊಳ್ಳಬಹುದು. ಅಂಗಡಿ ಬೋರ್ಡಿನ ತಂತ್ರವಾಗಿದ್ದ ಸಿಲ್ಕ್‌ಸ್ಕ್ರೀನ್ (ಜಾಲರಿ ಬಟ್ಟೆಯ ಮೂಲಕ ಶಾಯಿ ಒತ್ತುವ ಅಚ್ಚು) ಕಲಾವಿದರ ಕೈಗೆ ಬಂದದ್ದು ಈ ಕಾಲದಲ್ಲೇ, ಆಂಥನಿ ವೆಲೊನಿಸ್ ಅಂಥವರಿಂದ. ಕಾಪಿರೈಟ್ ಇನ್ನೂ ಇರುವ ಚಿತ್ರಗಳಿಗೆ ಮಾತ್ರ ಲೈಬ್ರರಿ ಕಟ್ಟಡದ ಹೊರಗಿನಿಂದ ನೋಡುವವರಿಗೆ ಬೆರಳುಗುರಿನಷ್ಟು ಚಿತ್ರ. ನಿಯಮ ಅದು, ಬಯ್ದು ಪ್ರಯೋಜನ ಇಲ್ಲ. ಆದರೆ 1960ರ ನಂತರದ ಕೆಲಸ ಓದುವವರಿಗೆ ಇದು ನಿಜಕ್ಕೂ ತೊಡಕು.

ಇನ್ನೊಂದು ಕೊರತೆ ಬಹಳ ಕಡೆ ಕಾಣುತ್ತದೆ. ಟ್ಯಾಮರಿಂಡ್‌ನಂಥ ಕಡೆ ಪ್ರಿಂಟರ್ ಕೂಡ ತನ್ನ ಗುರುತನ್ನು ಶಾಯಿ ಇಲ್ಲದ ಉಬ್ಬು ಮುದ್ರೆಯಾಗಿ ಹಾಳೆಯ ಅಂಚಿನಲ್ಲಿ ಒತ್ತುತ್ತಾನೆ. ಸ್ಕ್ಯಾನ್ ಮಾಡುವವರು ಚಿತ್ರದ ಅಂಚಿಗೇ ಕತ್ತರಿಸಿಬಿಟ್ಟರೆ ಅದು ಹೋಯಿತು. ಬಿಳಿ ಅಂಚೂ ಪ್ರಿಂಟ್‌ನ ಭಾಗವೇ ಅಲ್ವಾ?

ನಮ್ಮ ಪಕ್ಕದ ಚಿತ್ತೂರು ಜಿಲ್ಲೆಯ ಪ್ರಿಂಟ್ ಕಲಾವಿದ ಕೃಷ್ಣ ರೆಡ್ಡಿ ಅವರನ್ನೂ ಈ ಹುಡುಕಾಟದಲ್ಲಿ ಸೇರಿಸಿಕೊಳ್ಳಿ. ಬ್ರಿಟಿಷ್ ಪ್ರಿಂಟ್ ಕಲಾವಿದ ಹೇಟರ್ ಅವರ ವರ್ಕ್‌ಶಾಪ್ ಅಟೆಲಿಯೆ 17 ಎರಡನೇ ಮಹಾಯುದ್ಧದ ದೆಸೆಯಿಂದ 1940ರಲ್ಲಿ ಪ್ಯಾರಿಸ್‌ನಿಂದ ನ್ಯೂಯಾರ್ಕ್‌ಗೆ ಬಂದು, ಆಮೇಲೆ ಹೇಟರ್ ಪ್ಯಾರಿಸ್‌ಗೇ ಮರಳಿದರು. ರೆಡ್ಡಿ ಹೇಟರ್ ಜೊತೆ ಸೇರಿದ್ದು ಪ್ಯಾರಿಸ್‌ನಲ್ಲಿ. ಒಂದೇ ತಗಡಿನ ಮೇಲೆ ಎಣ್ಣೆ ಹೆಚ್ಚುಕಡಿಮೆ ಮಾಡಿದ ಶಾಯಿಗಳಿಂದ ಹಲವು ಬಣ್ಣ ಎತ್ತುವ ವಿಸ್ಕಾಸಿಟಿ ವಿಧಾನ ಬೆಳೆಸಿದವರಲ್ಲಿ ರೆಡ್ಡಿ ಮುಖ್ಯರು. ಮುಂದೆ ನ್ಯೂಯಾರ್ಕ್‌ನಲ್ಲೇ ನೆಲೆಸಿ ಪಾಠ ಮಾಡಿದರು.

ಟೈಲರ್ ಬಗ್ಗೆ ಜಾಸ್ತಿ ಬೇಕಾದರೆ ಅಮೆರಿಕ ಬಿಟ್ಟು ಆಸ್ಟ್ರೇಲಿಯಾಗೆ ಹೋಗಬೇಕು. ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿಯಲ್ಲಿ ಆತನ ವರ್ಕ್‌ಶಾಪ್‌ಗಳ ಸಾವಿರಾರು ಪ್ರಿಂಟ್‌ಗಳಿವೆ. ಜೊತೆಗೆ ಕೆಲಸ ನಡೆಯುವಾಗಲೇ ತೆಗೆದ ಫೋಟೋ, ಫಿಲ್ಮ್‌ಗಳೂ ಇವೆ. ಪ್ರೆಸ್ ಎಳೆಯುವವರ ಮುಖ ನೋಡಬೇಕು ಅನ್ನುವವರು ಮೊದಲು ಇಲ್ಲಿಂದಲೇ ಶುರು ಮಾಡಬಹುದು.