ಹತ್ತು ಕ್ಲಬ್ಬಿನ ಸೆಟ್ಟು, ನಡುವೆ ಒಂದು ಮೆಟ್ಟಿಲು ಮಾಯ: ಮೂರು ವರ್ಷ ಬಳಸಿದವನ ಮಾತು

ಹೊಸಬರಿಗೆಂದು ಹತ್ತು ಕ್ಲಬ್ಬುಗಳನ್ನು, ಅಂದರೆ ಚೆಂಡು ಹೊಡೆಯುವ ದಾಂಡುಗಳನ್ನು, ಒಂದೇ ಪೆಟ್ಟಿಗೆಯಲ್ಲಿ ಕೊಡುವ ಗಾಲ್ಫ್ ಸೆಟ್ ಇದು. ಕಂಪನಿಯ ಹೆಸರು ಬರೆಯುವುದಿಲ್ಲ, ನಾನು ದೂರುತ್ತಿರುವ ತಪ್ಪು ಇಂಥ ಅನೇಕ ಸೆಟ್ಟುಗಳಲ್ಲಿದೆ. ಪೆಟ್ಟಿಗೆಯ ಮೇಲಿರುವುದನ್ನು ನೀವೇ ಓದಿಕೊಂಡಿರುತ್ತೀರಿ. ನಾನು ವಾರಕ್ಕೊಮ್ಮೆ ಆಡುವವನು, ಒಂದು ಕ್ಲಬ್ ಕೊಳ್ಳಬೇಕೆಂದರೆ ನಾಲ್ಕು ತಿಂಗಳು ಯೋಚಿಸುವವನು. ಮುಂದಿನದನ್ನೆಲ್ಲ ಅದನ್ನು ನೆನಪಿಟ್ಟುಕೊಂಡು ಓದಿ.

ಪೆಟ್ಟಿಗೆ ಬಿಚ್ಚಿದ ದಿನ ಎಲ್ಲರ ಕಣ್ಣು ಹೋಗುವುದು ಅತಿ ದೂರ ಹೊಡೆಯುವ ಕ್ಲಬ್ ಮೇಲೆ, ಅಂದರೆ ಡ್ರೈವರ್ ಮೇಲೆ. ನನ್ನದೂ ಹೋಯಿತು. ಎರಡು ಮುಷ್ಟಿ ಸೇರಿಸಿದಷ್ಟು ದಪ್ಪ ತಲೆ, ಅದಕ್ಕೊಂದು ಕುಲಾವಿ ಬೇರೆ. ಮೊದಲ ಆರು ತಿಂಗಳು ಅದರ ಹಿಂದೆಯೇ ಬಿದ್ದೆ. ಚೆಂಡು ನೆಟ್ಟಗೆ ಹೊರಟು, ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ, ಕುಡುಗೋಲಿನ ಹಾಗೆ ಬಲಕ್ಕೆ ಬಾಗಿ ಪೊದೆ ಸೇರುತ್ತಿತ್ತು. ಚೀಲದಲ್ಲಿ ಅತಿ ಉದ್ದದ ಕೋಲು ಅದು. ಚೆಂಡನ್ನು ಗುಳಿಗೆ ತಳ್ಳುವ ಪಟ್ಟರ್ ಬಿಟ್ಟರೆ, ಚೆಂಡಿಗೆ ತಾಗುವ ಮುಖದ ಓರೆ, ಅಂದರೆ ಲಾಫ್ಟ್, ಅತಿ ಕಡಿಮೆ ಇರುವುದೂ ಅದಕ್ಕೇ. ನನ್ನದು 10.5 ಡಿಗ್ರಿ. ಓರೆ ಕಡಿಮೆಯಾದಷ್ಟೂ ಚೆಂಡಿನ ಅಡ್ಡಸುತ್ತು ಎದ್ದು ಕಾಣುತ್ತದೆ, ಕೈಯ ಸಣ್ಣ ತಪ್ಪೂ ಬಯಲಾಗುತ್ತದೆ. ಈಗ ಮೊದಲ ಹೊಡೆತಕ್ಕೆ ಚೆಂಡಿಡುವ ಟೀ ಮೇಲಿಂದಲೂ, ಡ್ರೈವರಿಗಿಂತ ಚಿಕ್ಕ ತಲೆಯ 3 ವುಡ್ಡಿನಲ್ಲೇ ಹೊಡೆಯುತ್ತೇನೆ. 15 ಡಿಗ್ರಿ, ಕೋಲೂ ಗಿಡ್ಡ. ದೂರ ಸ್ವಲ್ಪ ಕಡಿಮೆ, ಚೆಂಡು ಮಾತ್ರ ಸಿಗುತ್ತದೆ. (ವುಡ್ ಅಂತ ಕರೆದರೂ ಅದರಲ್ಲಿ ಮರದ ಚೂರೂ ಇಲ್ಲ. ಹಿಂದೆ ಪರ್ಸಿಮನ್ ಮರದಲ್ಲಿ ಮಾಡುತ್ತಿದ್ದರು, ಹೆಸರಷ್ಟೇ ಉಳಿದಿದೆ.)

ವುಡ್ಡಿಗೂ ಐರನ್ನಿಗೂ (ತೆಳು ಲೋಹದ ತಲೆಯ ಕ್ಲಬ್) ನಡುವಿನದಾದ ಹೈಬ್ರಿಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳಬರನ್ನು ಗೋಳಾಡಿಸುತ್ತಿದ್ದ 3, 4ನೇ ಐರನ್ನುಗಳ ಜಾಗಕ್ಕೆ ಬಂದದ್ದು. ತೂಕ ತಳದಲ್ಲಿರುವುದರಿಂದ ಉದ್ದ ಹುಲ್ಲಿನಿಂದಲೂ ಚೆಂಡನ್ನು ಎತ್ತಿಕೊಡುತ್ತದೆ. ಒಳ್ಳೆಯದು.

ಈಗ ನನ್ನ ದೂರಿಗೆ ಬರೋಣ. ಸೆಟ್ಟಿನಲ್ಲಿ ಐರನ್ನುಗಳು 6ರಿಂದ 9, ಆಮೇಲೆ ಇನ್ನೂ ಓರೆಯಾದ ಪಿಚಿಂಗ್ ವೆಡ್ಜ್, ಆಮೇಲೆ ಮರಳಿಗೆಂದು ಮಾಡಿದ ಸ್ಯಾಂಡ್ ವೆಡ್ಜ್. ಅಂಕಿ ಹೆಚ್ಚಿದಂತೆ ಕೋಲು ಗಿಡ್ಡವಾಗುತ್ತದೆ, ಓರೆ ಹೆಚ್ಚುತ್ತದೆ, ಚೆಂಡು ಮೇಲಕ್ಕೇರಿ ಹತ್ತಿರ ಬೀಳುತ್ತದೆ. ಒಂದೊಂದು ಕ್ಲಬ್ಬೂ ಒಂದೊಂದು ಮೆಟ್ಟಿಲು. ನನ್ನ ಕೈಯಲ್ಲಿ 7ನೆಯದು 125 ಗಜ, ಪಿಚಿಂಗ್ ವೆಡ್ಜ್ 98. ಸ್ಯಾಂಡ್ ವೆಡ್ಜ್ ಪೂರ್ತಿ ಬೀಸಿದರೂ 65. ನಡುವೆ? ಏನೂ ಇಲ್ಲ. ಚೆಂಡು ಗ್ರೀನಿನಿಂದ, ಅಂದರೆ ಗುಳಿಯಿರುವ ನುಣ್ಣನೆ ಹುಲ್ಲುಹಾಸಿನಿಂದ, 80 ಗಜದಲ್ಲಿ ನಿಂತರೆ ನನ್ನ ಎದೆ ಡವಡವ. ಒಂದನ್ನು ಅರ್ಧ ಬೀಸಬೇಕು, ಇಲ್ಲವೇ ಇನ್ನೊಂದಕ್ಕೆ ಮೈಯ ಶಕ್ತಿಯನ್ನೆಲ್ಲ ಹಾಕಬೇಕು. ಅರ್ಧ ಬೀಸು ಹೊಸಬನಿಗೆ ಎಲ್ಲಿ ಬರಬೇಕು? ಒಂದು ಸಲ ಗ್ರೀನ್ ದಾಟಿ ಆಚೆ, ಇನ್ನೊಂದು ಸಲ ಮೂರೇ ಅಡಿ ಮುಂದೆ. ಎರಡು ವರ್ಷ ಇದು ನನ್ನ ಕೈಯ ದೋಷವೆಂದೇ ನಂಬಿದ್ದೆ.

ಜೊತೆಗೆ ಆಡುವ ಹಿರಿಯರೊಬ್ಬರು ಒಂದು ದಿನ ಎರಡೂ ವೆಡ್ಜುಗಳನ್ನು ಕೈಗೆತ್ತಿಕೊಂಡು, ತಳ ನೆಲಕ್ಕಿಟ್ಟು, ಮುಖ ಪಕ್ಕಪಕ್ಕ ಹಿಡಿದು ನೋಡಿದರು. "ನಿಮ್ಮ ಕೈಯದೇನೂ ತಪ್ಪಿಲ್ಲ ಬಿಡಿ, ಇಲ್ಲೊಂದು ಮೆಟ್ಟಿಲೇ ಇಲ್ಲವಲ್ರೀ" ಅಂದರು. ಮನೆಗೆ ಬಂದು ಕಂಪನಿಯ ಪಟ್ಟಿ ತೆಗೆದೆ. 7ನೆಯದರಿಂದ ಪಿಚಿಂಗ್ ವೆಡ್ಜಿನವರೆಗೆ ಓರೆ 30, 34, 39, 44, ಆಮೇಲೆ ಸ್ಯಾಂಡ್ ವೆಡ್ಜ್ ಸೀದಾ 56. ನಾಲ್ಕೈದು ಡಿಗ್ರಿಗೊಂದು ಮೆಟ್ಟಿಲು ಇಟ್ಟುಕೊಂಡು ಬಂದವರು ಕೊನೆಗೆ ಹನ್ನೆರಡು ಡಿಗ್ರಿ ಹಾರಿಬಿಟ್ಟಿದ್ದಾರೆ.

ಕಾರಣ ತಿಳಿದ ಮೇಲೆ ಸಿಟ್ಟು ಇನ್ನಷ್ಟು ಬಂತು. ಹಿಂದೆ ಪಿಚಿಂಗ್ ವೆಡ್ಜ್ ಎಂದರೆ 50 ಡಿಗ್ರಿಯ ಆಸುಪಾಸು ಇರುತ್ತಿತ್ತು. ಓರೆ ಕಡಿಮೆ ಮಾಡಿದರೆ ಚೆಂಡು ದೂರ ಹೋಗುತ್ತದೆ, "ನಮ್ಮ 7ನೆಯದು ಎಷ್ಟು ದೂರ ನೋಡಿ" ಅನ್ನಬಹುದು. ಹೀಗೆ ವರ್ಷದಿಂದ ವರ್ಷಕ್ಕೆ ಐರನ್ನುಗಳೆಲ್ಲ ಒಂದೊಂದು ಮನೆ ಮುಂದೆ ಸರಿದವು, ಸ್ಯಾಂಡ್ ವೆಡ್ಜ್ ಮಾತ್ರ ಮರಳಿನ ಕೆಲಸಕ್ಕಾಗಿ ಇದ್ದಲ್ಲೇ ಉಳಿಯಿತು. ನಡುವಿನ ಖಾಲಿ ಜಾಗಕ್ಕೆ ಗ್ಯಾಪ್ ವೆಡ್ಜ್ ಅಂತ ಹೊಸ ಹೆಸರಿಟ್ಟು ಬೇರೆಯಾಗಿ ಮಾರುತ್ತಾರೆ! ಚೀಲದಲ್ಲಿ ಜಾಗಕ್ಕೇನೂ ಬರವಿಲ್ಲ. ಆಟಗಾರರು ಇಪ್ಪತ್ತು, ಇಪ್ಪತ್ತೈದು ಕ್ಲಬ್ ಹೊರಿಸಿಕೊಂಡು ಬರುತ್ತಿದ್ದುದನ್ನು ನೋಡಿ 1938ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ 14ರ ಮಿತಿ ತಂದಿತು, ಇಂದಿಗೂ ಅದೇ ಇದೆ. ನನ್ನಲ್ಲಿದ್ದದ್ದು ಹತ್ತು. ಹನ್ನೊಂದನೆಯದನ್ನು ಹಾಕಿಕೊಡಲು ಇವರಿಗೇನಾಗಿತ್ತು?

ಇಷ್ಟು ಬೈದ ಮೇಲೂ ಸೆಟ್ಟನ್ನು ಮಾರಲು ಮನಸ್ಸಾಗಿಲ್ಲ. ಅದಕ್ಕೆ ಕಾರಣ ಆಟಕ್ಕಿಂತ ಹೆಚ್ಚಾಗಿ ಆಡಿ ಬಂದ ಸಂಜೆ. ಒಂದು ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ, ಒಂದು ಹಳೇ ಹಲ್ಲುಜ್ಜುವ ಬ್ರಷ್. ಐರನ್ನುಗಳ ತಲೆಯಷ್ಟೇ ಮುಳುಗುವಂತೆ ನಿಲ್ಲಿಸುತ್ತೇನೆ, ಕೋಲು ಸೇರುವ ಕತ್ತಿನವರೆಗೆ ನೀರು ಬರಬಾರದು. ವುಡ್ಡುಗಳಿಗೆ ಒದ್ದೆ ಬಟ್ಟೆ ಸಾಕು. ಹತ್ತು ನಿಮಿಷ ಬಿಟ್ಟು ಮುಖದ ಗೆರೆಗಳ ಉದ್ದಕ್ಕೇ ಬ್ರಷ್ ಆಡಿಸಿದರೆ ಒಳಗೆ ಕೂತ ಮಣ್ಣು ಸಣ್ಣ ಕಡ್ಡಿಗಳ ಹಾಗೆ ಎದ್ದು ಬರುತ್ತದೆ, ಹಸಿ ಹುಲ್ಲಿನ ವಾಸನೆ ಮತ್ತೆ ಏಳುತ್ತದೆ. ಗೆರೆ ತುಂಬಿದ್ದರೆ ಚೆಂಡಿಗೆ ಹಿಮ್ಮುಖ ಸುತ್ತು ಸರಿಯಾಗಿ ಸಿಗುವುದಿಲ್ಲ, ಗ್ರೀನ್ ಮೇಲೆ ನಿಲ್ಲದೆ ಓಡುತ್ತದೆ. ಹಿಡಿಯ ರಬ್ಬರು ಬೆವರಿಗೆ ಜಾರತೊಡಗಿದಾಗ ಹಾಳಾಯಿತೆಂದು ಎಸೆಯಲು ಹೊರಟಿದ್ದೆ. ಅದೇ ಸೋಪಿನ ನೀರಿನಲ್ಲಿ ಉಜ್ಜಿ ಒಣಗಿಸಿದೆ, ಮತ್ತೆ ಅಂಗೈಗೆ ಅಂಟಿಕೊಂಡಿತು.

ಹೀಗೆ ಒರೆಸುವಾಗಲೇ 7ನೇ ಐರನ್ನಿನ ಮುಖದಲ್ಲಿ ಒಂದು ಗುರುತು ಕಂಡದ್ದು. ಕಾಸಿನಗಲ ಸವೆದು ಮಿರುಗುವ ಜಾಗ. ನಡುವಿನಲ್ಲಿಲ್ಲ, ಹಿಮ್ಮಡಿಯ ಕಡೆ, ಅಂದರೆ ಕೋಲು ಸೇರುವ ಕಡೆ, ಒಂದು ಬೆರಳು ಸರಿದಿತ್ತು. ಮೂರು ವರ್ಷ ನಾನು ಚೆಂಡಿಗೆ ಎಷ್ಟು ಹತ್ತಿರ ನಿಲ್ಲುತ್ತಿದ್ದೆ ಅನ್ನುವ ಲೆಕ್ಕ ಅಲ್ಲಿ ಬರೆದಿತ್ತು. ಅರ್ಧ ಹೆಜ್ಜೆ ಹಿಂದೆ ನಿಂತು ಆಡಿದೆ. ಚೆಂಡು ಬಡಿದ ಸದ್ದೇ ಬೇರೆಯಾಯಿತು.

ಸ್ಯಾಂಡ್ ವೆಡ್ಜಿಗೂ ಒಂದು ಮಾತು ಸಲ್ಲಬೇಕು. ತಳದ ಹಿಂಭಾಗ ಉಬ್ಬಿದೆ, ಬೌನ್ಸ್ ಅನ್ನುತ್ತಾರೆ. ಅದರಿಂದ ಕ್ಲಬ್ ಮರಳಿನಲ್ಲಿ ಹೂತುಕೊಳ್ಳದೆ ಜಾರಿ ಹೋಗುತ್ತದೆ. ಅಮೆರಿಕದ ಆಟಗಾರ ಜೀನ್ ಸರಾಜೆನ್ ಇಂಥದ್ದನ್ನೇ ಮಾಡಿಕೊಂಡು 1932ರ ಬ್ರಿಟಿಷ್ ಓಪನ್ ಗೆದ್ದರು. ಚೆಂಡಿಗೆ ಹೊಡೆಯಬೇಡಿ, ಎರಡು ಅಂಗುಲ ಹಿಂದಿನ ಮರಳಿಗೆ ಹೊಡೆಯಿರಿ. ಮರಳೇ ಚೆಂಡನ್ನು ಎತ್ತಿ ಹಾಕುತ್ತದೆ. ಬಂಕರ್, ಅಂದರೆ ಮರಳಿನ ಗುಂಡಿ, ಕಂಡರೆ ನನಗೆ ಈಗ ಭಯವಿಲ್ಲ. ಆ 80 ಗಜದ್ದೇ ಇತ್ತು.

ಹೋದ ತಿಂಗಳು ಯಾರೋ ಬಳಸಿಬಿಟ್ಟ 50 ಡಿಗ್ರಿಯ ವೆಡ್ಜ್ ಸಿಕ್ಕಿತು. ಹಿಡಿ ಸವೆದಿದೆ, ತಳದಲ್ಲಿ ತುಕ್ಕಿನ ಚುಕ್ಕಿಗಳಿವೆ, ಉಳಿದ ಹತ್ತರ ಜೊತೆ ಬಣ್ಣವೂ ಹೊಂದುವುದಿಲ್ಲ. ಪೂರ್ತಿ ಬೀಸಿದರೆ 82.

ಎರಡು ನಕ್ಷತ್ರ ಕೊಡಬೇಕೆಂದು ಬರೆಯಲು ಕೂತವನು ಮೂರೂವರೆ ಕೊಡುತ್ತಿದ್ದೇನೆ. ಕೊಳ್ಳುವವರು ಚೀಲದ ಬಣ್ಣ, ಡ್ರೈವರಿನ ಗಾತ್ರ ಆಮೇಲೆ ನೋಡಿ. ಪಿಚಿಂಗ್ ವೆಡ್ಜ್ ಎಷ್ಟು ಡಿಗ್ರಿ, ಸ್ಯಾಂಡ್ ವೆಡ್ಜ್ ಎಷ್ಟು ಅಂತ ಮೊದಲು ಕೇಳಿ. ಪಟ್ಟರ್ ಬಗ್ಗೆ ಬರೆಯಲು ಮರೆತೆ. ಬೆಳಿಗ್ಗೆ ಹಾಸಿನ ಮೇಲೆ ಇಪ್ಪತ್ತು ಚೆಂಡು ತಳ್ಳುತ್ತೇನೆ, ಅದರ ಮೇಲೆ ಒಂದು ದೂರೂ ಇಲ್ಲ. ಡ್ರೈವರ್ ಕುಲಾವಿ ಹಾಕಿಕೊಂಡು ಬಾಗಿಲ ಹಿಂದೆ ನಿಂತಿದೆ.