ಏರ್ ಪಿಸ್ತೂಲಿಗೆ ಯಾವ ಹಿಂದಿನ ಸೈಟ್? ಮೂರನ್ನೂ ಹಾಕಿ ನೋಡಿದೆ

ಮಂಡ್ಯದ ನಮ್ಮ ಮನೆಯ ಪಡಸಾಲೆ ಉದ್ದಕ್ಕಿದೆ. ಬೀದಿ ಬಾಗಿಲಿಂದ ಹಿಂದಿನ ಗೋಡೆಗೆ ಟೇಪ್ ಹಿಡಿದರೆ 10 ಮೀಟರ್ ಆರಾಮಾಗಿ ಸಿಗುತ್ತದೆ. ಗೋಡೆಗೆ ಒತ್ತಿ, ಪೆಲೆಟ್ (ಏರ್ ಪಿಸ್ತೂಲಿನ ಚಿಕ್ಕ ಗುಂಡು) ತಡೆಯುವ ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದೇನೆ. ಈ ಬೇಸಿಗೆಯಲ್ಲಿ ಅಲ್ಲೇ ನಿಂತು ಒಂದೇ ಪಿಸ್ತೂಲಿಗೆ ಮೂರು ಹಿಂದಿನ ಸೈಟ್ ಬದಲಿಸಿ ಹೊಡೆದೆ. ಹಿಂದಿನ ಸೈಟ್ ಅಂದರೆ ಪಿಸ್ತೂಲಿನ ಮೇಲೆ ಕಣ್ಣಿನ ಕಡೆ ಇರುವ, ನಡುವೆ ಕಚ್ಚು ಕೊರೆದ ತಗಡು; ಆ ಕಚ್ಚಿನ ನಡುವೆ ಮುಂದಿನ ಸೈಟ್ ನಿಲ್ಲಿಸಿ ಗುರಿ ಹಿಡಿಯುವುದು. ಮುಂದಿನ ಸೈಟ್ ಮಾತ್ರ ಅದೇ, 4 ಮಿಲಿಮೀಟರ್ ಅಗಲದ ಕರಿ ಕಂಬ.

ಮೊದಲು ಒಂದು ಲೆಕ್ಕ. ನನ್ನ ಪಿಸ್ತೂಲಿನಲ್ಲಿ ಎರಡು ಸೈಟ್‌ಗಳ ನಡುವೆ 30 ಸೆಂಟಿಮೀಟರ್ ಇದೆ. ಹಿಂದಿನದು ಬರೀ 0.1 ಮಿಲಿಮೀಟರ್ ಸರಿದರೆ 10 ಮೀಟರಿನಲ್ಲಿ ಪೆಲೆಟ್ 3.3 ಮಿಲಿಮೀಟರ್ ಸರಿಯುತ್ತದೆ. ಏರ್ ಪಿಸ್ತೂಲ್ ಟಾರ್ಗೆಟ್‌ನಲ್ಲಿ ಒಂದು ರಿಂಗಿನಿಂದ ಇನ್ನೊಂದಕ್ಕೆ 8 ಮಿಲಿಮೀಟರ್. ಅಂದರೆ ಸೈಟ್ ಕಾಲು ಮಿಲಿಮೀಟರ್ ಅಲ್ಲಾಡಿದರೂ ಒಂದು ಪಾಯಿಂಟ್ ಹೋಯಿತು.

ಪಿಸ್ತೂಲಿನ ಜೊತೆಗೇ ಬಂದದ್ದು ಪ್ಲಾಸ್ಟಿಕ್ ಸೈಟ್, ಎರಡು ಹಸಿರು ಚುಕ್ಕಿಯದು. ಬಿಸಿಲಲ್ಲಿ ಚುಕ್ಕಿ ಚೆನ್ನಾಗಿ ಹೊಳೆಯುತ್ತದೆ, ಡಬ್ಬ ಹೊಡೆಯೋಕೆ ಖುಷಿ. ಆದರೆ ಕಾಗದದ ಮೇಲೆ ಅದೇ ಹೊಳಪು ತೊಂದರೆ. ಕಣ್ಣು ಚುಕ್ಕಿಗೆ ಹೋಗುತ್ತದೆ, ಕಂಬದ ಮೇಲಂಚು ಎಲ್ಲಿದೆ ಅನ್ನೋದು ತಪ್ಪುತ್ತದೆ. ಇನ್ನೂ ಬೇಸರ ತಂದದ್ದು ಅಲ್ಲಾಟ. ಐದು ಪೆಲೆಟ್ ಹೊಡೆದೆ. ಸ್ಕ್ರೂ ಹತ್ತು ಕ್ಲಿಕ್ ಎಡಕ್ಕೆ ತಿರುಗಿಸಿ, ಮತ್ತೆ ಹತ್ತು ಬಲಕ್ಕೆ ತಂದು ಇನ್ನೈದು ಹೊಡೆದೆ. ಗ್ರೂಪ್, ಅಂದರೆ ಪೆಲೆಟ್ ತೂತುಗಳ ಗುಂಪು, ಹಳೆಯ ಜಾಗಕ್ಕೆ ಬರಲಿಲ್ಲ. 12 ಮಿಲಿಮೀಟರ್ ಪಕ್ಕಕ್ಕೆ ಕೂತಿತ್ತು.

ಎರಡನೆಯದು ಲೋಹದ್ದು, ಕಚ್ಚು 3 ಮಿಲಿಮೀಟರ್, ಬದಲಿಸಲು ಬರುವುದಿಲ್ಲ. ಕ್ಲಿಕ್ ಕೈಗೆ ಗಟ್ಟಿಯಾಗಿ ತಿಳಿಯುತ್ತದೆ. ಹತ್ತು ಹೋಗಿ ಹತ್ತು ಬಂದರೆ ಗ್ರೂಪ್ ತನ್ನ ಜಾಗಕ್ಕೇ ಬಂತು. ನನ್ನ ಅಕ್ಕನ ಮಗ ಇದರಲ್ಲಿ ತುಂಬಾ ಚೆನ್ನಾಗಿ ಹೊಡೆದ. ನನ್ನಿಂದ ಆಗಲಿಲ್ಲ.

ಕಾರಣ ವಯಸ್ಸು. ನನಗೆ 48. ತೋಳು ಚಾಚಿದಾಗ ಹಿಂದಿನ ಸೈಟ್ ಕಣ್ಣಿಂದ ಸುಮಾರು 60 ಸೆಂಟಿಮೀಟರ್ ದೂರ. ದೃಷ್ಟಿ ಮುಂದಿನ ಕಂಬದ ಮೇಲೆ ನಿಂತರೆ ಹಿಂದಿನದು ಮಸುಕಾಗುತ್ತದೆ, ಅದು ಹಾಗೇ ಆಗಬೇಕು. ಆದರೆ ಕಚ್ಚು ಕಿರಿದಾಗಿದ್ದರೆ ಆ ಮಸುಕು ಕಂಬದ ಎರಡೂ ಪಕ್ಕದ ಬೆಳಕನ್ನು ನುಂಗಿಬಿಡುತ್ತದೆ. ಎಡ ಬಲ ಸಮ ಇದೆಯಾ ಅಂತ ನೋಡೋದು ಹೇಗೆ, ಅಲ್ವಾ?

ಮೂರನೆಯದರಲ್ಲಿ ಕಚ್ಚಿನ ಅಗಲವನ್ನೇ ಹೆಚ್ಚು ಕಡಿಮೆ ಮಾಡಬಹುದು. ಬೆಲೆ ಜಾಸ್ತಿ, ತೂಕವೂ ಸ್ವಲ್ಪ ಜಾಸ್ತಿ. 4 ಮಿಲಿಮೀಟರಿಗೆ ತೆರೆದ ತಕ್ಷಣ ಕಂಬದ ಎರಡೂ ಕಡೆ ಬಿಳಿ ಗೆರೆ ಕಂಡಿತು. ಎಷ್ಟೋ ದಿನದಿಂದ ಕಾಣದಿದ್ದ ಗೆರೆ! ಸಂಜೆ ಟ್ಯೂಬ್‌ಲೈಟ್ ಬೆಳಕಲ್ಲಿ ಇನ್ನೊಂದು ಚೂರು ತೆರೆದೆ. ಮಧ್ಯಾಹ್ನ ಸ್ವಲ್ಪ ಮುಚ್ಚಿದೆ. ಟಾರ್ಗೆಟ್ ನಡುವಿನ ಕರಿ ವೃತ್ತದ ಕೆಳಗಿನ ಬಿಳಿಯಲ್ಲಿ ಕಂಬ ನಿಲ್ಲಿಸಿ ಹೊಡೆಯೋದು ನನ್ನ ರೂಢಿ. ಅಲ್ಲಿ ಕಂಬ ಸ್ಪಷ್ಟವಾಗಿ ನಿಂತಿತು. ನನ್ನ ಐದು ಪೆಲೆಟ್‌ಗಳಲ್ಲಿ ನಾಲ್ಕು 9ರ ರಿಂಗಿನ ಒಳಗೇ ಬಿದ್ದವು.

ಇದನ್ನೆಲ್ಲ ಮಾಡುವಾಗ ಹಳೆಯ ಸಿಂಗಲ್ ಆಕ್ಷನ್ ರಿವಾಲ್ವರ್‌ಗಳ (ಪ್ರತಿ ಗುಂಡಿಗೂ ಹ್ಯಾಮರನ್ನು ಕೈಯಿಂದ ಹಿಂದಕ್ಕೆ ಎಳೆಯಬೇಕಾದವು) ನೆನಪಾಯಿತು. 1873ರ ಕೋಲ್ಟ್‌ನಲ್ಲಿ ಹಿಂದಿನ ಸೈಟ್ ಅಂದರೆ ಚೌಕಟ್ಟಿನ ಮೇಲೆ ಉದ್ದಕ್ಕೆ ಕೊರೆದ ಒಂದು ತೋಡು, ಅಷ್ಟೇ. ಗುಂಡು ಕೆಳಗೆ ಬಿದ್ದರೆ ಮುಂದಿನ ಸೈಟನ್ನೇ ಅರದಿಂದ ಉಜ್ಜಿ ಗಿಡ್ಡ ಮಾಡಬೇಕು. ಉಜ್ಜಿದ್ದು ಹೆಚ್ಚಾದರೆ ಮತ್ತೆ ಬೆಳೆಯುತ್ತದೆಯೇ? 1955ರಲ್ಲಿ ರೂಗರ್ ಬ್ಲ್ಯಾಕ್‌ಹಾಕ್ ಬಂದಾಗ ಸ್ಕ್ರೂನಿಂದ ಸರಿಸುವ ಹಿಂದಿನ ಸೈಟ್ ಜೊತೆಗೇ ಇತ್ತು. ಅಲ್ಲೂ ನಿಯಮ ನಮ್ಮದೇ: ಪೆಲೆಟ್ ಎತ್ತ ಹೋಗಬೇಕೋ ಹಿಂದಿನ ಸೈಟ್ ಅತ್ತ ಸರಿಸಬೇಕು.

ಎಳೆಯ ಕಣ್ಣಿದ್ದರೆ ಎರಡನೆಯದು ಸಾಕು, ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ. ನಲವತ್ತೈದು ದಾಟಿದವರು ಮೂರನೆಯದಕ್ಕೇ ಕಾಸು ಕೂಡಿಸಿ. ಯಾವುದೇ ಆಗಲಿ, ಕೊಳ್ಳುವ ಮುಂಚೆ ಅದರ ತಗಡನ್ನು ಉಗುರಿನಿಂದ ಎಡಕ್ಕೆ, ಬಲಕ್ಕೆ ಒತ್ತಿ ನೋಡಿ. ಅಲ್ಲಾಡಿದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.